ಬೆಲ್ಲ ಕಡಿಮೆ ಮಾಡಿದರೆ ತಿಂಡಿಯ ಬಾರ್ ಉದುರದೆ ನಿಲ್ಲುವುದು ಹೇಗೆ?

ಶಾಲೆಗೆ ಹೊರಡುವ ಅವಸರದಲ್ಲಿ ಮಕ್ಕಳು ಕೈಯಲ್ಲೇ ಹಿಡಿದು ತಿನ್ನಬಹುದಾದ ಬಾರನ್ನು ಕಾಸರಗೋಡಿನ ಅಡುಗೆಮನೆಯಲ್ಲಿ ಬೇಯಿಸಹೊರಟವರಿಗೆ ಮೊದಲು ಎದುರಾಗುವುದು ಅಂಟಿನ ತೊಡಕು. ಅವಲಕ್ಕಿ, ರಾಗಿಹಿಟ್ಟು, ಗೇರುಬೀಜದ ಚೂರುಗಳು ತಾವಾಗಿ ಕೂಡಿಕೊಳ್ಳುವುದಿಲ್ಲ. ನೆಲಗಡಲೆ ಚಿಕ್ಕಿಯಲ್ಲಿ ಈ ಕೆಲಸವನ್ನು ಮಾಡುವುದು ಬೆಲ್ಲದ ಗಟ್ಟಿಪಾಕ; ನೀರು ಆವಿಯಾದಂತೆ ಪಾಕದ ಕುದಿಬಿಂದು ಏರುತ್ತ ಹೋಗಿ, ತಣಿದಾಗ ಅದು ಗಾಜಿನಂತೆ ಗಡುಸಾಗುತ್ತದೆ. ಆದರೆ ಅಷ್ಟು ಬೆಲ್ಲವನ್ನು ದಿನವೂ ಬೆಳಗ್ಗಿನ ತಿಂಡಿಯಲ್ಲಿ ಕೊಡುವುದು ಸರಿಯಲ್ಲ. ಆಹಾರಕ್ಕೆ ಸೇರಿಸಿದ ಸಕ್ಕರೆಯ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಬೆಲ್ಲವೂ ಆ ಲೆಕ್ಕದೊಳಗೇ ಬರುತ್ತದೆ; ನಮ್ಮೂರಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಪ್ರಚುರಪಡಿಸಿದ, ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿರಸವಾದ ಕಲ್ಪರಸದಿಂದ ತಯಾರಾಗುವ ತೆಂಗಿನ ಸಕ್ಕರೆಯೂ ಇದಕ್ಕೆ ಹೊರತಲ್ಲ.

ಕೊಬ್ಬಿನಿಂದ ಅಂಟಿಸೋಣವೆಂದರೆ ಕರಾವಳಿಯ ಸೆಕೆ ಬಿಡುವುದಿಲ್ಲ. ತೆಂಗಿನೆಣ್ಣೆ ಸುಮಾರು 24–25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಇಲ್ಲಿ ವರ್ಷದ ಬಹುಪಾಲು ದ್ರವವಾಗಿಯೇ ಇರುತ್ತದೆ. ಪರಿಮಳಕ್ಕೆ ಎರಡು ಚಮಚ ಸಾಕು.

ಇಲ್ಲಿ ನೆರವಿಗೆ ಬರುವುದು ನೇಂದ್ರ ಬಾಳೆಹಣ್ಣು. ಸಾಮಾನ್ಯ ಬಾಳೆ ಹಣ್ಣಾಗುವಾಗ ಅದರ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಸಕ್ಕರೆಯಾಗಿ ಮಾರ್ಪಡುತ್ತದೆ, ನೇಂದ್ರದಲ್ಲಾದರೋ ಹಣ್ಣಾದ ಮೇಲೂ ಒಂದಷ್ಟು ಪಿಷ್ಟ ಉಳಿದಿರುತ್ತದೆ. ಕಿವುಚಿದ ಹಣ್ಣನ್ನು ರಾಗಿಹಿಟ್ಟಿನೊಡನೆ ಕಲಸಿ ಒವನ್‌ನಲ್ಲಿಟ್ಟಾಗ, 60ರಿಂದ 80 ಡಿಗ್ರಿಯ ನಡುವೆ ಎರಡರ ಪಿಷ್ಟಕಣಗಳೂ ನೀರು ಹೀರಿ ಉಬ್ಬಿ ಅಂಟಾಗುತ್ತವೆ, ಹಣ್ಣಿನೊಳಗಿನ ಅಂಟುನಾರಾದ ಪೆಕ್ಟಿನ್ ಅದಕ್ಕೆ ಜೊತೆಗೂಡುತ್ತದೆ. ಸಿಹಿ ಬಹುಮಟ್ಟಿಗೆ ಹಣ್ಣಿನಿಂದಲೇ ಬರುವುದರಿಂದ ಬೆಲ್ಲ ಕಾಲು ಕಪ್ಪಿಗೆ ಇಳಿದರೂ ಮಕ್ಕಳು ಮುಖ ಸಿಂಡರಿಸುವುದಿಲ್ಲ. ರಾಗಿಯ ಲಾಭ ಬೇರೆಯೇ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ, ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವ ಫೈಟಿಕ್ ಆಮ್ಲ ತಗ್ಗುತ್ತದೆ.

ಮಕ್ಕಳನ್ನು ಸೆಳೆಯುವ ಕಂದುಬಣ್ಣ ಮತ್ತು ಹುರಿದ ಘಮ 1912ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ ವಿವರಿಸಿದ ಕ್ರಿಯೆಯ ಫಲ. ಸಕ್ಕರೆಯೂ ಪ್ರೋಟೀನಿನ ಅಮೈನೋ ಆಮ್ಲಗಳೂ ಕೂಡಿ ನಡೆಯುವ ಈ ಕ್ರಿಯೆ 140 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗುತ್ತದೆ. ಆದರೆ ಬಾರಿನ ಒಳಗೆ ನೀರಿರುವವರೆಗೂ ಅಲ್ಲಿನ ಬಿಸಿ 100 ಡಿಗ್ರಿಯ ಸುತ್ತಲೇ ನಿಲ್ಲುವುದರಿಂದ ಅಂಚು ಕೆಂಪಾದರೂ ನಡುಭಾಗ ಸಪ್ಪೆಯಾಗಿಯೇ ಉಳಿಯುತ್ತದೆ. ಅವಲಕ್ಕಿ, ಗೇರುಬೀಜ, ಕೊಬ್ಬರಿತುರಿಗಳನ್ನು ಕಲಸುವ ಮುನ್ನವೇ ಬಾಣಲೆಯಲ್ಲಿ ಹುರಿದುಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ. ಈ ಒಂದು ಹಂತವನ್ನು ಬಿಟ್ಟರೆ ಏಲಕ್ಕಿ ಎಷ್ಟು ಹಾಕಿದರೂ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಿಶ್ರಣವನ್ನು ಟ್ರೇಯಲ್ಲಿ ಒಂದು ಸೆಂಟಿಮೀಟರಿನಷ್ಟು ತೆಳ್ಳಗೆ ಹರಡಿ, ಎಣ್ಣೆ ಸವರಿದ ಲೋಟದ ತಳದಿಂದ ಮೂಲೆಮೂಲೆಯನ್ನೂ ಒತ್ತಿ, 160 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಬೆಚ್ಚಗಿರುವಾಗಲೇ ಗೆರೆ ಕೊರೆದು, ಪೂರ್ತಿ ತಣಿದ ಮೇಲೆ ಬಿಡಿಸಬೇಕು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬೆಲ್ಲದೊಳಗಿನ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದಲೂ ಬಾಳೆಹಣ್ಣಿನ ನೀರು ಒಳಗೇ ಉಳಿದಿರುವುದರಿಂದಲೂ ಇದು ಚಿಕ್ಕಿಯಂತೆ ವಾರಗಟ್ಟಲೆ ಬಾಳುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸುವುದೇ ಲೇಸು. ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವುದಾದರೆ ಗೇರುಬೀಜವನ್ನು ತರಿತರಿಯಾಗಿಯೂ ಬಿಡದೆ ನುಣ್ಣಗೆ ಪುಡಿ ಮಾಡಿ ಹಾಕಬೇಕು, ಏಕೆಂದರೆ ಬೀಜದ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.