ರಾಜನ ಬೊಕ್ಕಸ ಮತ್ತು ಕಚ್ಚು ಹಾಕಿದ ಕೋಲು

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಗೆ ನಿಂತಿರುವ ಬ್ರಿಟಿಷ್ ಸಂಸತ್ ಭವನ ನೋಡಲು ಮಧ್ಯಯುಗದ ಕಟ್ಟಡದಂತಿದೆ. ಅದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಅದೇ ಜಾಗದಲ್ಲಿದ್ದ ಹಳೆಯ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಬಹುಪಾಲು 1834ರ ಅಕ್ಟೋಬರ್ 16ರ ರಾತ್ರಿ ಸುಟ್ಟು ಬೂದಿಯಾಯಿತು. ಬೆಂಕಿ ಹತ್ತಿದ್ದು ಸರಕಾರದ ಹಳೆಯ ರಸೀದಿಗಳಿಂದ. ಎರಡು ಗಾಡಿ ತುಂಬುವಷ್ಟಿದ್ದ ಆ ರಸೀದಿಗಳೆಲ್ಲ ಮರದ ಕೋಲುಗಳು, ಹೆಸರು ‘ಟ್ಯಾಲಿ’. ಕೋಲಿನ ಮೇಲೆ ದೇಶದ ಲೆಕ್ಕ ಇಟ್ಟಿದ್ದರಂತೆ ಎಂದು ನಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ರಸೀದಿಯಾಗಿ ಆ ಕೋಲು ಬಹಳ ಗಟ್ಟಿ ಸಾಧನ. ಅದು ಕೆಟ್ಟದ್ದು ರಾಜರು ಅದನ್ನು ಸಾಲದ ಚೀಟಿ ಮಾಡಿಕೊಂಡ ಮೇಲೆ, ಅಧಿಕಾರಿಗಳು ಅದನ್ನು ಹೊಟ್ಟೆಪಾಡು ಮಾಡಿಕೊಂಡ ಮೇಲೆ.

ಕತೆ ಶುರುವಾಗುವುದು 12ನೇ ಶತಮಾನದ ಮೊದಲಲ್ಲಿ, ಒಂದನೇ ಹೆನ್ರಿಯ ಕಾಲದಲ್ಲಿ. ಇಂಗ್ಲೆಂಡಿನ ಒಂದೊಂದು ಕೌಂಟಿಗೂ ರಾಜನ ಪರವಾಗಿ ಒಬ್ಬ ಶೆರಿಫ್. ಕೌಂಟಿಯ ಆದಾಯವನ್ನು ಆತ ಹೆಚ್ಚುಕಡಿಮೆ ಗುತ್ತಿಗೆಗೆ ಹಿಡಿದವನು. ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡಿದ ಮೊತ್ತವನ್ನು ಬೊಕ್ಕಸಕ್ಕೆ ಕಟ್ಟಬೇಕು, ಉಳಿದದ್ದು ಅವನದು. ಕಟ್ಟಲು ಇದ್ದ ನಾಣ್ಯ ಒಂದೇ, ಬೆಳ್ಳಿಯ ಪೆನ್ನಿ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್ ಎಂಬುದು ಲೆಕ್ಕದ ಮಾತು, ಆ ಹೆಸರಿನ ನಾಣ್ಯಗಳು ಆಗ ಇರಲೇ ಇಲ್ಲ. ಹಾಗಾಗಿ 236 ಪೌಂಡ್ 4 ಶಿಲಿಂಗ್ 3 ಪೆನ್ನಿ ಕಟ್ಟಬೇಕಾದವನು 56,691 ನಾಣ್ಯಗಳನ್ನು, ಅಂದರೆ ಸುಮಾರು 80 ಕಿಲೊ ಬೆಳ್ಳಿಯನ್ನು, ಕುದುರೆಯ ಮೇಲೆ ಹೇರಿಕೊಂಡು ಬರಬೇಕು. ಶೆರಿಫರಲ್ಲಿ, ಎದುರು ಕೂತು ವಿಚಾರಿಸುವ ಪ್ರಭುಗಳಲ್ಲಿ ಹಲವರಿಗೆ ಲ್ಯಾಟಿನ್ ಓದಲು ಬಾರದು. ಬರೆದಿಡುವವರ ಕೈಯಲ್ಲಿದ್ದದ್ದು ರೋಮನ್ ಅಂಕಿಗಳು. ಅವುಗಳಲ್ಲಿ ಕೂಡಿ ಕಳೆಯುವುದು ಎಷ್ಟು ಕಷ್ಟ ಎಂಬುದು 236ನ್ನು ‘ಸಿಸಿ‌ಎಕ್ಸ್‌ಎಕ್ಸ್‌ಎಕ್ಸ್‌ವಿಐ’ ಎಂದು ಬರೆದು ನೋಡಿದವರಿಗೆ ಗೊತ್ತಾಗುತ್ತದೆ.

ಇದಕ್ಕೆ ಅವರು ಕಂಡುಕೊಂಡ ದಾರಿ ಒಂದು ಮೇಜು. ಎರಡನೇ ಹೆನ್ರಿಯ ಖಜಾನೆ ನೋಡಿಕೊಳ್ಳುತ್ತಿದ್ದ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲಿ ಬರೆಯತೊಡಗಿದ ಕೈಪಿಡಿಯಲ್ಲಿ ಅದರ ಅಳತೆಯೇ ಸಿಗುತ್ತದೆ. ಉದ್ದ ಸುಮಾರು 10 ಅಡಿ, ಅಗಲ 5 ಅಡಿ, ಏನೂ ಉರುಳಿ ಬೀಳದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಚದುರಂಗದ ಹಾಸಿನಂತೆ ಕಂಡದ್ದರಿಂದ ಆ ಕಚೇರಿಗೇ ‘ಎಕ್ಸ್‌ಚೆಕರ್’ ಎಂಬ ಹೆಸರು ಬಂತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇವತ್ತಿಗೂ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಎನ್ನುವುದು ಈ ಬಟ್ಟೆಯ ದೆಸೆಯಿಂದ.

ಬಲಗಡೆಯ ಮೊದಲ ಸಾಲು ಪೆನ್ನಿಯದು, ಅಲ್ಲಿ 11ರವರೆಗೆ ಬಿಲ್ಲೆ ಇಡಬಹುದು. ಎರಡನೆಯದು ಶಿಲಿಂಗ್, ಮೂರನೆಯದು ಪೌಂಡ್, ಇವೆರಡರಲ್ಲೂ 19ರವರೆಗೆ. ನಾಲ್ಕನೆಯದು ಇಪ್ಪತ್ತು ಪೌಂಡುಗಳದು, ಐದನೆಯದು ನೂರು, ಆರನೆಯದು ಸಾವಿರ, ಏಳನೆಯದು ಅಪರೂಪಕ್ಕೆ ಬಳಕೆಯಾಗುವ ಹತ್ತು ಸಾವಿರ. ನಮ್ಮ ಶೆರಿಫನ ಮೊತ್ತವನ್ನೇ ಇಟ್ಟರೆ ನೂರರಲ್ಲಿ 2, ಇಪ್ಪತ್ತರಲ್ಲಿ 1, ಪೌಂಡಿನಲ್ಲಿ 16, ಶಿಲಿಂಗಿನಲ್ಲಿ 4, ಪೆನ್ನಿಯಲ್ಲಿ 3 ಬಿಲ್ಲೆ. ಕಟ್ಟಬೇಕಾದದ್ದು ಮೇಲೆ, ಕಟ್ಟಿದ್ದು ಕೆಳಗೆ. ಎರಡರಿಂದಲೂ ಬಿಲ್ಲೆ ತೆಗೆಯುತ್ತ ಹೋದರೆ ಉಳಿದದ್ದು ಬಾಕಿ. ಅವರ ಬಳಿ ಸೊನ್ನೆ ಇರಲಿಲ್ಲ, ಖಾಲಿ ಮನೆಯೇ ಸೊನ್ನೆಯ ಕೆಲಸ ಮಾಡಿತು. ಅಕ್ಷರ ಬಾರದ ಶೆರಿಫ್ ಕೂಡ ತನ್ನ ಲೆಕ್ಕ ಕಣ್ಣೆದುರೇ ಕರಗುವುದನ್ನು ಕಾಣಬಹುದಿತ್ತು, ಮೋಸವಾದರೆ ತಕರಾರು ಎತ್ತಬಹುದಿತ್ತು.

ನಾಣ್ಯ ಎಣಿಕೆಯಲ್ಲಿ ಸರಿಯಿದ್ದರೆ ಸಾಲದು, ಬೆಳ್ಳಿಯೂ ಸರಿಯಿರಬೇಕು. ರಾಶಿಯನ್ನು ಕಲಸಿ 44 ಶಿಲಿಂಗಿನಷ್ಟು ಪೆನ್ನಿ ಎತ್ತಿ ಚೀಲಕ್ಕೆ ಹಾಕಿ ಮೊಹರು ಮಾಡುತ್ತಿದ್ದರು. ಅದರಿಂದ 20 ಶಿಲಿಂಗ್, ಅಂದರೆ 240 ಪೆನ್ನಿ, ಶೆರಿಫನ ಎದುರಿಗೇ ಕುಲುಮೆಗೆ ಬೀಳುತ್ತಿತ್ತು. ಕಲಬೆರಕೆ ಸುಟ್ಟು ಉಳಿದ ಬೆಳ್ಳಿ ಒಂದು ಪೌಂಡಿಗೆ ಎಷ್ಟು ಪೆನ್ನಿ ಕಡಿಮೆ ಬಂತೋ ಅಷ್ಟನ್ನು ಪ್ರತಿ ಪೌಂಡಿನ ಮೇಲೂ ಅವನೇ ತುಂಬಿಕೊಡಬೇಕು. 12 ಪೆನ್ನಿ ಕಡಿಮೆ ಬಂದರೆ 100 ಪೌಂಡಿಗೆ 5 ಪೌಂಡ್ ಹೆಚ್ಚಿಗೆ. ಕರಗಿಸುವಾಗ ಕೈವಾಡ ನಡೆದಿದೆ ಎಂದು ಅನುಮಾನ ಬಂದರೆ ಇನ್ನೊಮ್ಮೆ ಕರಗಿಸಲು ಚೀಲದಲ್ಲಿ ಉಳಿದ ನಾಣ್ಯ ಇದ್ದೇ ಇರುತ್ತಿತ್ತು.

ಇಷ್ಟೆಲ್ಲ ಆಗಿ ಹಣ ಒಳಗೆ ಹೋದ ಮೇಲೆ ಶೆರಿಫನ ಕೈಗೆ ಸಿಗುತ್ತಿದ್ದದ್ದು ಕೋಲು. ಹೆಚ್ಚಾಗಿ ಹೇಜಲ್ ಮರದ್ದು. ಬುಡಕ್ಕೆ ಕಡಿದಷ್ಟೂ ನೆಟ್ಟಗೆ ಚಿಗುರುವ ಮರ ಅದು. ಎಳೆ ನೇರವಾಗಿರುವುದರಿಂದ ಕತ್ತಿ ಇಟ್ಟು ಒತ್ತಿದರೆ ಅಂಕುಡೊಂಕಿಲ್ಲದೆ ಸೀಳುತ್ತದೆ. ಗಂಟಿರುವ ಕೋಲು ಕೆಲಸಕ್ಕೆ ಬಾರದು, ಸೀಳು ಗಂಟಿನ ಬಳಿ ಪಕ್ಕಕ್ಕೆ ಹೊರಳಿ ಕಚ್ಚುಗಳನ್ನೇ ತಿಂದುಬಿಡುತ್ತದೆ. ಉದ್ದ ಹೆಬ್ಬೆರಳಿನ ತುದಿಯಿಂದ ಚಾಚಿದ ತೋರುಬೆರಳಿನ ತುದಿಯವರೆಗೆ ಎಂದು ಫಿಟ್ಜ್‌ನೀಲ್ ಹೇಳುತ್ತಾನೆ, ನಮ್ಮ ಚೋಟಿನ ಅಳತೆ. ಮುಂದಿನ ಶತಮಾನಗಳಲ್ಲಿ ಮೊತ್ತ ಬೆಳೆದಂತೆ ಕೋಲೂ ಹಲವು ಅಡಿ ಬೆಳೆಯಿತು.

ಕಚ್ಚಿನ ಅಗಲವೇ ಬೆಲೆ. ಸಾವಿರ ಪೌಂಡಿಗೆ ಅಂಗೈಯ ದಪ್ಪ, ನೂರಕ್ಕೆ ಹೆಬ್ಬೆರಳಿನ ದಪ್ಪ, ಇಪ್ಪತ್ತಕ್ಕೆ ಕಿರುಬೆರಳಿನದು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಶಿಲಿಂಗಿಗೆ ಅದಕ್ಕಿಂತ ಕಿರಿದು, ಆದರೂ ಒಂದು ಚೂರು ಮರ ಹೊರಬರಲೇಬೇಕು. ಪೆನ್ನಿಗೆ ಮರ ತೆಗೆಯುವುದಿಲ್ಲ, ಕತ್ತಿಯ ಗೀರು ಅಷ್ಟೇ. 236 ಪೌಂಡ್ 4 ಶಿಲಿಂಗ್ 3 ಪೆನ್ನಿ ಎಂದರೆ ಎರಡು ಹೆಬ್ಬೆರಳು, ಒಂದು ಕಿರುಬೆರಳು, ಹದಿನಾರು ಬಾರ್ಲಿ ಕಾಳು, ನಾಲ್ಕು ಸಣ್ಣ ಕಚ್ಚು, ಮೂರು ಗೀರು. ಯಾರು ಕಟ್ಟಿದರು, ಯಾವುದಕ್ಕೆ ಕಟ್ಟಿದರು ಎಂಬುದನ್ನು ಕೋಲಿನ ಮೈಮೇಲೆ ಶಾಯಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಒಂದು ತುದಿಯ ಹತ್ತಿರ ಅಡ್ಡಲಾಗಿ ಅರ್ಧ ದಪ್ಪದವರೆಗೆ ಕುಯ್ದು, ಇನ್ನೊಂದು ತುದಿಯಿಂದ ಆ ಕುಯ್ತದವರೆಗೆ ಉದ್ದಕ್ಕೆ ಸೀಳಿದರೆ ಎರಡು ತುಂಡು. ಹಿಡಿ ಉಳಿದ ಉದ್ದನೆಯ ತುಂಡು ‘ಸ್ಟಾಕ್’, ಅದು ಹಣ ಕಟ್ಟಿದವನಿಗೆ. ಗಿಡ್ಡ ತುಂಡು ‘ಫಾಯಿಲ್’, ಅದು ಬೊಕ್ಕಸಕ್ಕೆ. ಬ್ಯಾಂಕಿನಲ್ಲಿ ನಾವು ಹರಿದು ಇಟ್ಟುಕೊಳ್ಳುವ ಕೌಂಟರ್‌ಫಾಯಿಲ್ ಇದೇ ಫಾಯಿಲಿನ ವಂಶದ್ದು.

ಶೆರಿಫ್ ವರ್ಷಕ್ಕೆ ಎರಡು ಸಲ ಬರಬೇಕಿತ್ತು. ಈಸ್ಟರಿಗೆ ಒಂದಷ್ಟು ಕಟ್ಟಿ ಕೋಲು ಪಡೆದು ಹೋಗುವುದು, ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್ ಹಬ್ಬಕ್ಕೆ ಆ ಕೋಲು ತಂದು ಪೂರ್ತಿ ಲೆಕ್ಕ ಒಪ್ಪಿಸುವುದು. ಎರಡೂ ತುಂಡು ಜೋಡಿಸಿದಾಗ ಕಚ್ಚಿಗೆ ಕಚ್ಚು, ಎಳೆಗೆ ಎಳೆ ಕೂಡಬೇಕು. ಶೆರಿಫ್ ಒಂದು ಕಚ್ಚು ಹೆಚ್ಚಿಗೆ ಕೊರೆದರೆ ಬೊಕ್ಕಸದ ತುಂಡಿನಲ್ಲಿ ಅದಿಲ್ಲ. ಗುಮಾಸ್ತ ಕಚ್ಚನ್ನು ಅಳಿಸಲಾರ, ತೆಗೆದ ಮರವನ್ನು ಮರಳಿ ಅಂಟಿಸುವುದು ಹೇಗೆ? ಬೇರೆ ಕೋಲಿನಿಂದ ನಕಲಿ ತುಂಡು ಮಾಡಿದರೆ ಎಳೆ ಹೊಂದುವುದಿಲ್ಲ. ಕಾಗದದ ರಸೀದಿಯಲ್ಲಿ ಇಷ್ಟು ಭದ್ರತೆ ತರಲು ನಾವು ನೀರುಗುರುತು, ಮೊಹರು, ಕ್ರಮಸಂಖ್ಯೆ ಎಂದು ಎಷ್ಟೆಲ್ಲ ಪಾಡು ಪಡುತ್ತೇವೆ! ಒಪ್ಪಿದ ಲೆಕ್ಕವನ್ನು ಚರ್ಮದ ಸುರುಳಿಗೆ ಏರಿಸುತ್ತಿದ್ದರು. ಪೈಪ್ ರೋಲ್ ಎಂಬ ಆ ಸುರುಳಿಗಳಲ್ಲಿ ಉಳಿದಿರುವ ಅತಿ ಹಳೆಯದು 1130ರದು.

ರಾಜರ ಕೈ ಬಿಗಿಯಾದಾಗ ಕೋಲು ಬೇರೆ ವೇಷ ತೊಟ್ಟಿತು. ಯುದ್ಧಕ್ಕೆ ದವಸ ಕೊಟ್ಟ ವ್ಯಾಪಾರಿಗೆ ಕೊಡಲು ಬೊಕ್ಕಸದಲ್ಲಿ ನಗದಿಲ್ಲ ಎನ್ನಿ. ಇಂಥ ಬಂದರಿನ ಸುಂಕದವನು ಇಷ್ಟು ಹಣ ಕಟ್ಟಿದ್ದಾನೆ ಎಂದು ಮೊದಲೇ ಒಂದು ಕೋಲು ಕೊರೆದು ವ್ಯಾಪಾರಿಯ ಕೈಗಿಡುತ್ತಿದ್ದರು. ವ್ಯಾಪಾರಿ ಆ ಬಂದರಿಗೆ ಹೋಗಿ, ಸುಂಕದವನಿಗೆ ಕೋಲು ಕೊಟ್ಟು ಹಣ ಪಡೆಯಬೇಕು. ಸುಂಕದವನು ಆ ಕೋಲನ್ನೇ ವೆಸ್ಟ್‌ಮಿನ್‌ಸ್ಟರಿಗೆ ತಂದು ಜಮಾ ತೋರಿಸಬೇಕು. ನಮ್ಮ ಹುಂಡಿಗೆ ತೀರ ಹತ್ತಿರದ ವ್ಯವಹಾರ. 14ನೇ ಶತಮಾನದ ಹೊತ್ತಿಗೆ ಇದು ದಿನನಿತ್ಯದ ಮಾತಾಗಿತ್ತು. ಎಡವಟ್ಟು ಎಲ್ಲಿ ಎಂದರೆ, ಒಂದೇ ಸುಂಕದ ಮೇಲೆ ಅದರ ಆದಾಯಕ್ಕಿಂತ ಹೆಚ್ಚು ಕೋಲು ಕೊರೆದರೆ ತಡೆಯುವವರಿಲ್ಲ. ಕೊನೆಗೆ ಬಂದವನಿಗೆ ಬರಿಗೈ. ಅವನು ಕೋಲನ್ನು ಮುಖಬೆಲೆಗಿಂತ ಕಡಿಮೆಗೆ ಮಾರಿ ಕೈತೊಳೆದುಕೊಳ್ಳಬೇಕು, ಇಲ್ಲವೇ ಹಿಂದಕ್ಕೆ ತಂದು ಒಪ್ಪಿಸಿ ಕಾಯಬೇಕು.

ಎರಡನೇ ಚಾರ್ಲ್ಸನ ಕಾಲಕ್ಕೆ ಇದು ಹದ್ದು ಮೀರಿತು. ಲಂಡನ್ನಿನ ಅಕ್ಕಸಾಲಿಗರು ಆಗ ಬ್ಯಾಂಕರುಗಳೂ ಆಗಿದ್ದರು. ಜನರ ಠೇವಣಿ ತೆಗೆದು ಸರಕಾರದ ಕೋಲು ಮತ್ತು ಆಜ್ಞಾಪತ್ರಗಳನ್ನು ಕೊಳ್ಳುತ್ತಿದ್ದರು. 1672ರ ಜನವರಿಯಲ್ಲಿ, ಡಚ್ಚರ ಮೇಲೆ ಯುದ್ಧಕ್ಕೆ ಸಿದ್ಧವಾಗುತ್ತಿದ್ದ ರಾಜ ಸಾಲ ತೀರಿಸುವುದನ್ನೇ ನಿಲ್ಲಿಸಿಬಿಟ್ಟ. ಹತ್ತು ಲಕ್ಷ ಪೌಂಡಿಗೂ ಮೀರಿದ ಹಣ ಸಿಕ್ಕಿಬಿದ್ದು ಹಲವು ಮನೆತನಗಳು ಮುಳುಗಿದವು. ರಾಜನೊಬ್ಬನ ಮಾತಿನ ಮೇಲೆ ಸಾಲ ಕೊಡುವುದಕ್ಕೆ ಜನ ಹೆದರಿದ್ದು ಸಹಜ. ಸಂಸತ್ತು ಹೊಣೆ ಹೊರುವ ಸಾಲವಾಗಿ 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿತು, ಸರಕಾರಕ್ಕೆ ಶೇ 8ರ ಬಡ್ಡಿಗೆ 12 ಲಕ್ಷ ಪೌಂಡ್ ಕೊಟ್ಟು. 1697ರಲ್ಲಿ ಬ್ಯಾಂಕ್ ಹೊಸ ಬಂಡವಾಳ ಎತ್ತಿದಾಗ ಐದರಲ್ಲಿ ನಾಲ್ಕು ಪಾಲನ್ನು ಬೆಲೆ ಕುಸಿದಿದ್ದ ಕೋಲುಗಳಲ್ಲೇ ಕಟ್ಟಿಸಿಕೊಂಡಿತು. ಕೋಲು ಕೊಟ್ಟವರು ಬ್ಯಾಂಕಿನ ಪಾಲುದಾರರಾದರು. ಷೇರುಪೇಟೆಯ ‘ಸ್ಟಾಕ್’ ಎಂಬ ಪದಕ್ಕೆ ಇದೂ ಒಂದು ಬೇರು.

ಅಲ್ಲಿಂದ ಮುಂದೆ ಕೋಲಿಗೆ ಕೆಲಸ ಉಳಿಯಲಿಲ್ಲ, ಕೋಲಿನವರಿಗೆ ಸಂಬಳ ಉಳಿಯಿತು. ಎಕ್ಸ್‌ಚೆಕರ್‌ನ ಹುದ್ದೆಗಳು ದೊಡ್ಡವರ ಮಕ್ಕಳ ಪಾಲಾದವು. ಪ್ರಧಾನಿ ರಾಬರ್ಟ್ ವಾಲ್ಪೋಲ್ ತನ್ನ ಮಗ ಹೊರೇಸನನ್ನು 1738ರಲ್ಲಿ ಎಕ್ಸ್‌ಚೆಕರ್‌ನ ಅಷರ್ ಮಾಡಿದ. ಕಾಗದ, ಲೇಖನಿ, ಶಾಯಿ, ಅರಗು ಒದಗಿಸುವ ಆ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು, ವರಮಾನ ಅವನಿಗೆ ಬರುತ್ತಿತ್ತು. 1783ರಲ್ಲಿ ಸಂಸತ್ತು ಕೋಲಿನ ಪದ್ಧತಿಯನ್ನು ರದ್ದುಮಾಡುವ ಕಾನೂನು ತಂದರೂ ಹುದ್ದೆಯಲ್ಲಿದ್ದವರು ಸಾಯುವ ತನಕ, ಇಲ್ಲವೇ ತಾವಾಗಿ ಬಿಡುವ ತನಕ ಮುಟ್ಟುವಂತಿರಲಿಲ್ಲ. ಹಾಗಾಗಿ ಅದು ಜಾರಿಗೆ ಬಂದದ್ದು 43 ವರ್ಷ ಕಳೆದು, 1826ರಲ್ಲಿ.

ಉಳಿದ ಕೋಲುಗಳ ರಾಶಿ ಎಂಟು ವರ್ಷ ಹಾಗೇ ಬಿದ್ದಿತ್ತು. 1834ರಲ್ಲಿ ಜಾಗ ತೆರವು ಮಾಡಬೇಕಾದಾಗ ಬಯಲಿನಲ್ಲಿ ಸುಡಬಹುದಿತ್ತು, ಬಡವರಿಗೆ ಸೌದೆಯಾಗಿ ಕೊಡಬಹುದಿತ್ತು. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಕೆಳಗಿದ್ದ, ಸಭಾಂಗಣ ಬೆಚ್ಚಗಿಡುವ ಒಲೆಗಳಲ್ಲಿ ಸುಡುವುದೆಂದು ತೀರ್ಮಾನವಾಯಿತು. ಆ ಒಲೆಗಳು ಕಲ್ಲಿದ್ದಲಿಗೆಂದು ಕಟ್ಟಿದವು. ಕಲ್ಲಿದ್ದಲು ತಗ್ಗಿನಲ್ಲೇ ಕೆಂಡವಾಗಿ ಉರಿಯುತ್ತದೆ. ವರ್ಷಗಟ್ಟಲೆ ಒಣಗಿದ ತೆಳು ಕೋಲುಗಳಾದರೋ ಉದ್ದನೆಯ ಜ್ವಾಲೆಯಾಗಿ ಹೊಗೆಗೂಡಿನ ಒಳಗೇ ಏರುತ್ತವೆ. ಇಬ್ಬರು ಕೆಲಸಗಾರರು ಬೆಳಗಿನಿಂದ ಸಂಜೆ ಐದರ ತನಕ ತುಂಬುತ್ತಲೇ ಹೋದರು. ಸಂಜೆ ನಾಲ್ಕಕ್ಕೆ ಸಭಾಂಗಣ ನೋಡಲು ಬಂದವರಿಗೆ ಹೊಗೆಯಲ್ಲಿ ಗೋಡೆಯ ತೆರೆಗಳು ಕಾಣಲಿಲ್ಲ, ಬೂಟಿನ ಅಡಿಯಿಂದ ನೆಲದ ಬಿಸಿ ಕಾಲಿಗೆ ತಾಕಿತು. ಯಾರೂ ಒಲೆ ಆರಿಸಲಿಲ್ಲ. ಆರರ ಹೊತ್ತಿಗೆ ಉರಿ ಹೊರಬಿತ್ತು.

ಸ್ಪೇನಿನ ನೌಕಾಪಡೆಯ ಸೋಲನ್ನು ನೇಯ್ದ ತೆರೆಗಳು ಹೋದವು, ಕೆಳಮನೆಯ ದಾಖಲೆಗಳ ಬಹುಭಾಗ ಹೋಯಿತು. ದೇಶದ ತೂಕ ಅಳತೆಗೆ ಆಧಾರವಾಗಿದ್ದ ಪ್ರಮಾಣ ಗಜ ಮತ್ತು ಪ್ರಮಾಣ ಪೌಂಡು ಆ ಕಟ್ಟಡದಲ್ಲೇ ಇದ್ದವು, ಅವೂ ಹೋಗಿ ಹೊಸ ಗಜ ಕಾನೂನುಬದ್ಧವಾಗಲು 1855 ಬರಬೇಕಾಯಿತು. 11ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ಹಾಲ್ ಮಾತ್ರ, ಗಾಳಿ ದಿಕ್ಕು ಬದಲಿಸಿದ್ದರಿಂದ ಮತ್ತು ಚಾವಣಿಗೆ ಎಡೆಬಿಡದೆ ನೀರು ಹೊಡೆದದ್ದರಿಂದ ಉಳಿಯಿತು. ಪಕ್ಕದ ವೆಸ್ಟ್‌ಮಿನ್‌ಸ್ಟರ್ ಅಬಿಯ ಒಂದು ಕೋಣೆಯಲ್ಲಿ ಮರೆತುಹೋಗಿದ್ದ ಕೆಲವು ನೂರು ಹಳೆಯ ಕೋಲುಗಳು 20ನೇ ಶತಮಾನದ ಮೊದಲಲ್ಲಿ ಸಿಕ್ಕವು. ಮೇಲೆ ಹೇಳಿದ ಕಚ್ಚಿನ ಲೆಕ್ಕವನ್ನು ಕೋಲು ಹಿಡಿದೇ ಪರೀಕ್ಷಿಸಲು ಸಾಧ್ಯವಾದದ್ದು ಅವುಗಳಿಂದ.

ಬೆಂಕಿಯ ವರ್ಷವೇ ಹಳೆಯ ಎಕ್ಸ್‌ಚೆಕರ್ ಕಚೇರಿಯನ್ನು ಮುಚ್ಚಿ, ಬೊಕ್ಕಸದಿಂದ ಹಣ ಹೊರಹೋಗುವುದನ್ನು ನಿಯಂತ್ರಿಸಲು ಕಂಟ್ರೋಲರ್ ಜನರಲ್ ಎಂಬ ಹುದ್ದೆ ಮಾಡಿದ್ದರು. 1866ರಲ್ಲಿ ಅದನ್ನೂ ಲೆಕ್ಕ ತಪಾಸಣೆಯ ಕೆಲಸವನ್ನೂ ಒಬ್ಬರಿಗೇ ವಹಿಸಿದಾಗ ಹುಟ್ಟಿದ ಹೆಸರು ಕಂಟ್ರೋಲರ್ ಅಂಡ್ ಆಡಿಟರ್ ಜನರಲ್. ಭಾರತದ ಸಂವಿಧಾನದ 148ನೇ ವಿಧಿಯಲ್ಲಿ, ನಾವು ಪತ್ರಿಕೆಯಲ್ಲಿ ಓದುವ ಸಿಎಜಿ ವರದಿಗಳ ನೆತ್ತಿಯ ಮೇಲೆ ಇರುವುದು ಇದೇ ಹೆಸರು. ಬ್ರಿಟನ್ನಿನಲ್ಲಿ ಸಂಚಿತ ನಿಧಿಯಿಂದ ಹಣ ಬಿಡುಗಡೆಯಾಗಲು ಈಗಲೂ ಆ ಅಧಿಕಾರಿಯ ಒಪ್ಪಿಗೆ ಬೇಕು. ನಮ್ಮಲ್ಲಿ ‘ನಿಯಂತ್ರಕ’ ಎಂಬ ಮಾತು ಹೆಸರಿನಲ್ಲಿ ಉಳಿದಿದೆ, ಹಣ ಹೊರಹೋಗುವ ಮುಂಚೆ ತಡೆಯುವ ಅಧಿಕಾರ ಅದರೊಂದಿಗೆ ಬರಲಿಲ್ಲ. ಖರ್ಚಾದ ಮೇಲೆ ಲೆಕ್ಕ ನೋಡುವುದೇ ಇಲ್ಲಿ ಆ ಹುದ್ದೆಯ ಕೆಲಸ.