‘ಮಳೆ’ ಎಂದು ಬರೆದರೆ ಸಾಲದು

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇದೆ. ಎರಡು ವರ್ಷದ ಹಿಂದೆ ಅವರು ಹೊಸ ಗೋದಾಮು ಕಟ್ಟಲು ಹೊರಟಾಗ ಸಾಲ ಕೊಡುವ ಬ್ಯಾಂಕು ಯೋಜನೆಯ ಅಪಾಯಗಳ ಪಟ್ಟಿ ಕೇಳಿತು. ನನ್ನನ್ನು ಕರೆಸಿದ್ದು ಅದಕ್ಕೆ. ನಾನು ಹೋಗುವಷ್ಟರಲ್ಲಿ ಪಟ್ಟಿ ಸಿದ್ಧವಾಗಿತ್ತು. ಒಂದು: ಮಳೆ. ಎರಡು: ಕೆಲಸದವರ ಸಮಸ್ಯೆ. ಮೂರು: ಹಣಕಾಸು. ಪರಿಹಾರದ ಕಾಲಮಿನಲ್ಲಿ ಮೂರಕ್ಕೂ ಒಂದೇ ಉತ್ತರ: ‘ಎಚ್ಚರಿಕೆ ವಹಿಸಲಾಗುವುದು.’

ನಾನು ಕಂಡ ಪಟ್ಟಿಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ. ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲಿಮೀಟರ್ ಮೀರಿ ಸುರಿಯುವ ಜಿಲ್ಲೆಯಲ್ಲಿ ಮಳೆ ಬರುತ್ತದೆ ಎಂದು ಬರೆಯಲು ಸಲಹೆಗಾರ ಬೇಕಿಲ್ಲ. 2009ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಐಎಸ್‌ಒ 31000 ಎಂಬ, ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಅಪಾಯವನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ: ಉದ್ದೇಶಗಳ ಮೇಲೆ ಅನಿಶ್ಚಿತತೆ ಬೀರುವ ಪರಿಣಾಮ. ಉದ್ದೇಶ ಯಾವುದೆಂದು ಗೊತ್ತಿಲ್ಲದವನಿಗೆ ಅಪಾಯವೂ ಗೊತ್ತಾಗುವುದಿಲ್ಲ. ಇಲ್ಲಿ ಉದ್ದೇಶ ಸ್ಪಷ್ಟವಿತ್ತು. ಆಫ್ರಿಕಾದಿಂದ ಹಡಗಿನಲ್ಲಿ ಬರುವ ಕಚ್ಚಾ ಬೀಜಕ್ಕೆ ಒಣ ಜಾಗ ಬೇಕು. ಮಳೆ ಖಚಿತ, ಅದು ಬರುವ ಮೊದಲು ಗೋದಾಮಿನ ಮಾಡು (ಛಾವಣಿ) ಮುಚ್ಚುತ್ತದೆಯೇ ಎಂಬುದು ಮಾತ್ರ ಅನಿಶ್ಚಿತ.

‘ಮಾಡು ಮುಚ್ಚುವುದು ಯಾವಾಗ?’ ಎಂದು ಕೇಳಿದೆ.

‘ಮೇ ಕೊನೆಗೆ’ ಎಂದರು ಎಂಜಿನಿಯರ್.

‘ಅದಕ್ಕೆ ತಗಡು ಯಾವಾಗ ಬರಬೇಕು?’

‘ಮೇ ಹತ್ತಕ್ಕೆ ಬಂದರೂ ಆಗುತ್ತದೆ.’

‘ಬಾರದಿದ್ದರೆ?’

‘ಬರುತ್ತದೆ ಸರ್.’

ಅಷ್ಟರಲ್ಲಿ ಮಾಲೀಕರು ಬಾಯಿ ಹಾಕಿದರು: ‘ಒಳ್ಳೆಯ ಕೆಲಸಕ್ಕೆ ಹೊರಟಿದ್ದೇವೆ. ಕೆಟ್ಟದ್ದನ್ನು ಯಾಕೆ ನಮ್ಮ ಬಾಯಲ್ಲೇ ಹೇಳಿಸುತ್ತೀರಿ ಮಾರಾಯರೇ?’

ನನ್ನ ವೃತ್ತಿಯ ಅರ್ಧ ಕಷ್ಟ ಇದೇ. ಮೇಲೆ ಅಸ್ತು ದೇವತೆಗಳು ಸುತ್ತುತ್ತಿರುತ್ತಾರೆ, ಆಡಿದ್ದಕ್ಕೆ ತಥಾಸ್ತು ಎಂದುಬಿಟ್ಟರೆ ಎಂಬ ಅಳುಕು ಎಂಬಿಎ ಓದಿದವರಲ್ಲೂ ಇದೆ. ವಾದಕ್ಕೆ ಇಳಿಯದೆ ಎರಡು ದಿನಾಂಕ ನೆನಪಿಸಿದೆ. 2018ರ ಮೇ 29ರಂದು ಮಂಗಳೂರಿನ ರಸ್ತೆಗಳಲ್ಲಿ ನೀರು ತುಂಬಿ ಊರೇ ನಿಂತಾಗ ಜೂನ್ ಇನ್ನೂ ಬಂದಿರಲಿಲ್ಲ. 2020ರಲ್ಲಿ ಉಡುಪಿಗೆ ನೆರೆ ಬಂದಾಗ ಸೆಪ್ಟೆಂಬರ್ 20; ಜೋರು ಮಳೆಯ ದಿನಗಳು ಮುಗಿದವು ಎಂದು ಎಲ್ಲರೂ ಅಂದುಕೊಳ್ಳುವ ಹೊತ್ತು. ಮೇ ಕೊನೆಯ ಗಡುವು ಎಷ್ಟು ತೆಳುವಾಗಿದೆ ಎಂದು ಅವರಿಗೇ ಕಂಡಿತು. ಮಾಡಿನ ಗಡುವನ್ನು ಮೇ 15ಕ್ಕೆ ಎಳೆದೆವು. ‘ಮಳೆ’ ಎಂಬ ಒಂದು ಪದ ಹೀಗಾಯಿತು: ‘ತಗಡು ಏಪ್ರಿಲ್ 25ರೊಳಗೆ ಬಾರದೆ, ಮಳೆ ಹಿಡಿಯುವ ಮೊದಲು ಮಾಡು ಮುಚ್ಚಲಾಗದೆ ಹೋದರೆ, ಬಂದರಿನಿಂದ ಬರುವ ಬೀಜವನ್ನು ಇಡಲು ಒಣ ಜಾಗ ಇರುವುದಿಲ್ಲ.’

ಕಾರಣ, ಘಟನೆ, ಪರಿಣಾಮ ಮೂರೂ ಒಂದೇ ವಾಕ್ಯದಲ್ಲಿ ಕೂತರೆ ಪರಿಹಾರ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾರಣವನ್ನು ಹಿಡಿಯುವುದಾದರೆ ತಗಡಿನ ಆರ್ಡರ್ ಈಗಲೇ ಕೊಡಬೇಕು. ಪರಿಣಾಮವನ್ನು ಹಿಡಿಯುವುದಾದರೆ ಬಾಡಿಗೆಗೆ ಒಂದು ಗೋದಾಮು ನೋಡಿಟ್ಟಿರಬೇಕು. ತಪ್ಪಿಸು, ತಗ್ಗಿಸು, ವರ್ಗಾಯಿಸು, ಒಪ್ಪಿಕೊ ಎಂದು ಪಠ್ಯಗಳು ಹೇಳುವ ನಾಲ್ಕು ದಾರಿಗಳಲ್ಲಿ ನಮ್ಮವರಿಗೆ ಮೂರನೆಯದರ ಮೇಲೆ ಪ್ರೀತಿ ಜಾಸ್ತಿ: ‘ವಿಮೆ ಇದೆಯಲ್ಲ!’ ವಿಮೆ ನೆನೆದ ಬೀಜಕ್ಕೆ ಹಣ ಕೊಟ್ಟೀತು. ಮಾಲು ಸಿಗದೆ ಬೇರೆ ಕಡೆ ಹೋದ ಗಿರಾಕಿಯನ್ನು ಮರಳಿ ಕರೆತರುವುದಿಲ್ಲ.

ಎರಡನೆಯ ಸಾಲನ್ನು ಹೊಡೆದು ಹಾಕಿಸಿದೆ. ಐವರು ಕೆಲಸದವರು ಆಗಲೇ ಊರಿಗೆ ಹೋಗಿಯಾಗಿತ್ತು. ಆಗಿಹೋದದ್ದು ಅಪಾಯದ ಪಟ್ಟಿಗೆ ಸೇರುವುದಿಲ್ಲ, ಆ ದಿನದ ಕೆಲಸಗಳ ಪಟ್ಟಿಗೆ ಸೇರುತ್ತದೆ.

ಅಂಕ ಕೊಡುವ ಪದ್ಧತಿಯ ಬಗ್ಗೆ ನನಗೊಂದು ತಕರಾರಿದೆ. ಸಂಭವಕ್ಕೆ ಐದರಲ್ಲಿ ಇಷ್ಟು, ಪರಿಣಾಮಕ್ಕೆ ಐದರಲ್ಲಿ ಇಷ್ಟು ಎಂದು ಅಂಕ ಕೊಟ್ಟು, ಗುಣಿಸಿ, ಹಸಿರು, ಹಳದಿ, ಕೆಂಪು ಬಳಿಯುತ್ತೇವೆ. ಈ ಕಾರ್ಖಾನೆಯಲ್ಲಿ ಕರೆಂಟು ಹೋಗುವುದು ನಿತ್ಯದ ಮಾತು, ಜನರೇಟರ್ ಇರುವುದರಿಂದ ನಷ್ಟ ಅಲ್ಪ: ಐದು ಗುಣಿಸು ಒಂದು, ಐದು. ಗೇರುಸಿಪ್ಪೆಯಲ್ಲಿ ಎಣ್ಣೆ ಇರುತ್ತದೆ; ಅದರ ರಾಶಿಗೆ ಬೆಂಕಿ ಬೀಳುವುದು ಅಪರೂಪ, ಬಿದ್ದರೆ ಕಾರ್ಖಾನೆಯೇ ಉಳಿಯದು: ಒಂದು ಗುಣಿಸು ಐದು, ಅದೂ ಐದು. ಹಾಳೆಯ ಮೇಲೆ ಎರಡಕ್ಕೂ ಒಂದೇ ಹಸಿರು ಬಣ್ಣ! ಅದಕ್ಕೇ ನಾನು ಗುಣಲಬ್ಧ ನೋಡುವ ಮೊದಲು ಪರಿಣಾಮದ ಕಾಲಮನ್ನು ಓದುತ್ತೇನೆ. ಅಲ್ಲಿ ಐದು ಕಂಡರೆ ಬಣ್ಣ ಯಾವುದಾದರೂ ಸರಿ, ಮಾತುಕತೆ ಅಲ್ಲಿಂದಲೇ ಶುರು.

ಇನ್ನು ಹೊಣೆ. ‘ಆಡಳಿತ ಮಂಡಳಿ’ ಎಂದು ಬರೆದಿದ್ದರು. ಏಪ್ರಿಲ್ 25ರ ಸಂಜೆ ಮಂಡಳಿ ಗೇಟಿನ ಬಳಿ ನಿಂತು ಲಾರಿ ಎಣಿಸುತ್ತದೆಯೇ? ಒಳಬರುವ ಪ್ರತಿ ಲಾರಿಯನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಸ್ಟೋರ್ ನೋಡಿಕೊಳ್ಳುವ ಹುಡುಗಿ. ಅವಳ ಹೆಸರು ಬರೆಸಿದೆ. ತಗಡು ಬಾರದಿದ್ದರೆ ಅಂದೇ ಮಾಲೀಕರಿಗೆ ಫೋನ್, ಮರುದಿನವೇ ಬಾಡಿಗೆ ಗೋದಾಮಿಗೆ ಮುಂಗಡ. ಮಾಲೀಕರು ನಕ್ಕರು, ಆದರೆ ಸಹಿ ಹಾಕಿದರು.

ತಗಡು ಬರಲಿಲ್ಲ. ಅವಳು ಫೋನ್ ಮಾಡಿದಳು. ಮಾಲೀಕರು ಎರಡು ದಿನ ಮೀನಮೇಷ ಎಣಿಸಿ ಮುಂಗಡ ಕೊಟ್ಟರು. ಮೇ 4ಕ್ಕೆ ತಗಡು ಬಂತು, 19ಕ್ಕೆ ಮಾಡು ಮುಚ್ಚಿತು, ಆಮೇಲೆ ಮಳೆ ಬಂತು. ಬಾಡಿಗೆ ಗೋದಾಮಿಗೆ ಒಂದು ಮೂಟೆಯೂ ಹೋಗಲಿಲ್ಲ.

‘ಒಂದು ತಿಂಗಳ ಬಾಡಿಗೆ ದಂಡವಾಯಿತಲ್ಲ?’ ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಏಪ್ರಿಲ್ 27ರಂದು ನಮಗೆ ಗೊತ್ತಿದ್ದದ್ದು ಎಷ್ಟು ಎಂಬುದನ್ನು ಇಟ್ಟುಕೊಂಡು ಆ ನಿರ್ಧಾರವನ್ನು ತೂಗಿ ಎಂದೆ. ಅವರು ಪೂರ್ತಿ ಒಪ್ಪಲಿಲ್ಲ. ಬಾಡಿಗೆ ಕಟ್ಟಿದ್ದು ಅವರ ಕೈಯಿಂದ, ಹಾಗಾಗಿ ನಾನೂ ಒತ್ತಾಯಿಸಲಿಲ್ಲ.

ಮರುವರ್ಷ ಜನವರಿಯಲ್ಲಿ ಪಟ್ಟಿ ತೆರೆದು ಕೂತೆವು. ‘ಆ ತಗಡಿನ ಸಾಲು ಮೊದಲು ತೆಗೆಯಿರಿ’ ಎಂದರು. ತೆಗೆಯಬೇಕಾದದ್ದೇ, ಮಾಡು ಮುಚ್ಚಿದ ಮೇಲೆ ಆ ಅಪಾಯ ಮುಗಿದಿತ್ತು. ಆದರೆ ಸ್ಟೋರಿನ ಹುಡುಗಿ ಅದರ ಕೆಳಗೆ ಆಗಲೇ ಹೊಸದೊಂದನ್ನು ಬರೆದಿಟ್ಟಿದ್ದಳು: ‘ಪಡುಗಡೆಯ ಸಾಲಿನಲ್ಲಿ ತಗಡಿನ ಬೋಲ್ಟುಗಳು ಸಡಿಲವಾಗಿ, ಜೂನ್ ಗಾಳಿಗೆ ತಗಡು ಹಾರಿದರೆ, ಕೆಳಗಿನ ಮೂಟೆಗಳು ನೆನೆಯುತ್ತವೆ.’ ಹೊಣೆಯ ಕಾಲಮಿನಲ್ಲಿ ಎಂಜಿನಿಯರ್ ಹೆಸರು, ಮುಂದೆ ದಿನಾಂಕ: ಏಪ್ರಿಲ್ 10.