ಆ ಮಾತ್ರೆ ಚೀಲವನ್ನು ಒಮ್ಮೆ ಕೌಂಟರ್ ಮೇಲೆ ಸುರಿಯಿರಿ

ಹೋದ ಮಳೆಗಾಲದ ಮಾತು. ಹೊಸನಗರ ಕಡೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಬೆಳಗಿನ ಮೊದಲ ಬಸ್ಸಿಗೆ ನನ್ನ ಮೆಡಿಕಲ್ ಶಾಪಿಗೆ ಬಂದಿದ್ದರು. ಕೊಡೆ ಮಡಚಿ ಬಾಗಿಲ ಮೂಲೆಗೆ ಒರಗಿಸಿ, "ತಮ್ಮಾ, ಕಾಲಿನ ಬಾವು ಇಳಿಯೋ ಮಾತ್ರೆ ಖಾಲಿ ಆಯ್ತು, ಹತ್ತು ಕೊಡು" ಎಂದು ಖಾಲಿ ಸ್ಟ್ರಿಪ್ ಮುಂದೆ ಹಿಡಿದರು. ಅದು ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆ. ಚೀಟಿ ಕೇಳಿದೆ. ಮನೆಯಲ್ಲಿದೆ ಎಂದರು. "ಬೇರೆ ಏನೇನು ಮಾತ್ರೆ ತಗೊಳ್ತೀರಿ ಅಮ್ಮಾ?" ಎಂದೆ. "ಸುಮಾರಿದೆ ಮಾರಾಯ" ಎನ್ನುತ್ತಾ ಕೈಚೀಲದ ಒಳಗಿಂದ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಸ್ಟೂಲ್ ಕೊಟ್ಟು ಕೂರಿಸಿ, ಅದನ್ನು ಕೌಂಟರ್ ಮೇಲೆ ಸುರಿದೆ.

ಹನ್ನೊಂದು ಬಗೆ ಇತ್ತು. ಕೆಲವು ಅರ್ಧ ಕತ್ತರಿಸಿದ ಸ್ಟ್ರಿಪ್. ಕತ್ತರಿಸುವಾಗ ಹೆಸರಿನ ಭಾಗವೇ ಹೋಗಿತ್ತು. ಎರಡು ಸ್ಟ್ರಿಪ್‌ಗಳನ್ನು ಪಕ್ಕಪಕ್ಕ ಇಟ್ಟು ಹಿಂದೆ ತಿರುಗಿಸಿದೆ. ಒಂದು ಊರಿನ ಡಾಕ್ಟರ್ ಬಿ.ಪಿ.ಗೆ ಬರೆದದ್ದು. ಸಣ್ಣ ಅಕ್ಷರದಲ್ಲಿ ಆಮ್ಲೋಡಿಪಿನ್ ಎಂದಿತ್ತು. ಇನ್ನೊಂದು ಶಿವಮೊಗ್ಗದಲ್ಲಿ ಮಗಳ ಮನೆಗೆ ಹೋಗಿದ್ದಾಗ ತೋರಿಸಿ ತಂದದ್ದು. ಬೇರೆ ಕಂಪನಿ, ಬೇರೆ ಹೆಸರು, ಬೇರೆ ಬಣ್ಣ. ಹಿಂದೆ ಓದಿದರೆ ಆಮ್ಲೋಡಿಪಿನ್, ಜೊತೆಗೆ ಅಟೆನೊಲಾಲ್ ಎಂಬ ಇನ್ನೊಂದು ಬಿ.ಪಿ. ಔಷಧಿ. ಅಜ್ಜಿ ಮೂರು ತಿಂಗಳಿಂದ ಎರಡನ್ನೂ ತಪ್ಪದೆ ನುಂಗುತ್ತಿದ್ದರು. ಒಂದೇ ಔಷಧಿ, ಎರಡು ಪಾಲು.

ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಡೋಸ್ ಜಾಸ್ತಿ ಆದಷ್ಟೂ ಆ ಊತ ಜಾಸ್ತಿ. ಊದಿದ ಪಾದ ನೋಡಿ ಇನ್ನೊಬ್ಬ ಡಾಕ್ಟರ್ ನೀರಿಳಿಸುವ ಮಾತ್ರೆ ಬರೆದರು. ಈ ಬಗೆಯ ಊತ ಆ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಮೂತ್ರಕ್ಕಂತೂ ಹೋಗಲೇಬೇಕಲ್ಲ. ಅಜ್ಜಿ ರಾತ್ರಿ ಮೂರು ನಾಲ್ಕು ಸಲ ಎದ್ದು, ಜಾರುವ ಅಂಗಳ ದಾಟಿ ಹಿತ್ತಲಿನ ಪಾಯಿಖಾನೆಗೆ ಹೋಗುತ್ತಿದ್ದರು. ಎದ್ದ ಕೂಡಲೇ ಕಣ್ಣು ಕತ್ತಲೆ. ಮೂವರು ಡಾಕ್ಟರುಗಳಲ್ಲಿ ಯಾರದ್ದೂ ತಪ್ಪಲ್ಲ. ಅವರವರ ಮುಂದೆ ಇದ್ದದ್ದು ಅವರವರ ಚೀಟಿ ಮಾತ್ರ. ಮೂರೂ ಚೀಟಿಯ ಮಾತ್ರೆ ಒಟ್ಟಿಗೆ ಬಂದು ಬಿದ್ದದ್ದು ನನ್ನ ಕೌಂಟರ್ ಮೇಲೆ.

ಅಲ್ಲೇ ನಿಂತು ಊರಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಅಜ್ಜಿಯನ್ನು ಕೂಡಲೇ ಕಳಿಸಿ ಎಂದರು. ಬಿ.ಪಿ. ನೋಡಿ ಒಂಟಿ ಆಮ್ಲೋಡಿಪಿನ್ ನಿಲ್ಲಿಸಿದರು. ನೀರಿನ ಮಾತ್ರೆಯನ್ನೂ ಬಿಡಿಸಿದರು. ಎರಡು ವಾರಕ್ಕೆ ಅಜ್ಜಿಯ ಕಾಲುಂಗುರ ಸಡಿಲವಾಗಿತ್ತು. ನಾನೇ ಯಾಕೆ ನಿಲ್ಲಿಸಲಿಲ್ಲ ಎಂದು ಕೆಲವರು ಕೇಳುತ್ತಾರೆ. ಅದು ನನ್ನ ಕೆಲಸ ಅಲ್ಲ. ಅಟೆನೊಲಾಲ್‌ನಂಥ ಮಾತ್ರೆಯನ್ನು ದಿಢೀರ್ ಅಂತ ಬಿಟ್ಟರೆ ಎದೆಬಡಿತ ಏರಬಹುದು, ಹೃದಯಕ್ಕೇ ಪೆಟ್ಟಾಗಬಹುದು. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವುದು ಪರೀಕ್ಷೆ ಮಾಡಿದವರು ಹೇಳಬೇಕಾದ ಮಾತು. ಎಲ್ಲವನ್ನೂ ಒಟ್ಟಿಗೆ ನೋಡುವುದು, ಅನುಮಾನ ಬಂದರೆ ಡಾಕ್ಟರಿಗೆ ತಿಳಿಸುವುದು, ಮತ್ತೆ ರೋಗಿಗೆ ಅರ್ಥವಾಗುವ ಹಾಗೆ ಹೇಳುವುದು ನನ್ನ ಕೆಲಸ.

ನಮ್ಮ ಮಲೆನಾಡಿನಲ್ಲಿ ಈ ಕೆಲಸಕ್ಕೆ ತೂಕ ಜಾಸ್ತಿ. ದೊಡ್ಡ ಕಾಯಿಲೆ ಅಂದರೆ ಜನ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುತ್ತಾರೆ. ಅಲ್ಲಿ ಡಿಸ್ಚಾರ್ಜ್ ಆದ ಮೇಲೆ ಕೈಯಲ್ಲಿ ಇಂಗ್ಲಿಷ್‌ನಲ್ಲಿ ಬರೆದ ನಾಲ್ಕು ಹಾಳೆ. ಘಟ್ಟ ಹತ್ತಿ ಮನೆಗೆ ಬರುವಷ್ಟರಲ್ಲಿ ಅಲ್ಲಿ ಹೇಳಿದ್ದು ಅರ್ಧ ಮರೆತಿರುತ್ತದೆ. ಮತ್ತೆ ಕೇಳೋಣ ಅಂದರೆ ಅರ್ಧ ದಿನದ ದಾರಿ. ಆಗ ಹತ್ತಿರ ಇರುವುದು ಪೇಟೆಯ ಮೆಡಿಕಲ್ ಶಾಪ್. ಅಪಾಯಿಂಟ್‌ಮೆಂಟ್ ಬೇಡ, ಫೀಸ್ ಇಲ್ಲ. ನಾವು ಅಲ್ಲಿ ಬರೀ ಸ್ಟ್ರಿಪ್ ಎಣಿಸಿ ಕವರ್‌ಗೆ ಹಾಕಿ ದುಡ್ಡು ತಗೊಂಡರೆ, ಆ ನಾಲ್ಕು ಹಾಳೆಯನ್ನು ಓದಿ ಹೇಳುವವರು ಅವರಿಗೆ ಯಾರೂ ಸಿಗುವುದಿಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಡಾಕ್ಟರ್ ಬರೆದ ಔಷಧಿ ಕೊಡುವವರು ರಿಜಿಸ್ಟರ್ ಆದ ಫಾರ್ಮಸಿಸ್ಟೇ ಆಗಿರಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿಸಿ ಹೇಳುವುದನ್ನೂ ನಮ್ಮ ಕೆಲಸದೊಳಗೆ ಸೇರಿಸಿದ್ದಾರೆ. ಔಷಧಿ ಯಾಕೆ, ಹೇಗೆ, ಎಷ್ಟು ದಿನ, ಏನು ತೊಂದರೆ ಆಗಬಹುದು, ಎಲ್ಲಿಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿ ಬರುತ್ತದೆ. ಹಾಗಾಗಿ ನೀವು ಪ್ರಶ್ನೆ ಕೇಳಿದರೆ ಅದು ನಮ್ಮ ಮೇಲೆ ಹೇರಿದ ಹೊರೆ ಅಲ್ಲ. ನಿಮ್ಮ ಹಕ್ಕು.

ಹೇಳುವುದು ಅಂದರೆ ನಾವು ಹೇಳಿದ್ದು ಅಷ್ಟೇ ಅಲ್ಲ, ಅವರು ಏನು ತಿಳಿದುಕೊಂಡರು ಎನ್ನುವುದು ಮುಖ್ಯ. ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಅಂಗಡಿ ಶುರುಮಾಡಿದ ಹೊಸದು. ಉಬ್ಬಸದ ರೋಗಿಯೊಬ್ಬರಿಗೆ ಉಸಿರಿನಲ್ಲಿ ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲ್ ಬರೆದಿದ್ದರು. ಅದನ್ನು ಒಂದು ಸಣ್ಣ ಪ್ಲಾಸ್ಟಿಕ್ ಸಾಧನದೊಳಗೆ ಇಟ್ಟು, ಒಡೆದು, ಬಾಯಿಂದ ಜೋರಾಗಿ ಉಸಿರೆಳೆಯಬೇಕು. ಸಂತೆ ದಿನ, ಅಂಗಡಿ ತುಂಬ ಜನ. "ದಿನಕ್ಕೆ ಎರಡು ಸಲ" ಎಂದು ಹೇಳಿ ಕೊಟ್ಟುಬಿಟ್ಟೆ. ಸಾಧನ ಇದೆಯಾ ಎಂದೂ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಏದುಸಿರು ಬಿಡುತ್ತಾ ಬಂದರು. "ಮಾತ್ರೆ ಹಿಡಿತಾ ಇಲ್ಲ, ಬಿಸಿನೀರಲ್ಲಿ ನುಂಗಿದರೂ ಅಷ್ಟೇ" ಎಂದರು. ನನ್ನ ಹೊಟ್ಟೆಯಲ್ಲಿ ಕಲಸಿದಂತಾಯ್ತು. ಕ್ಯಾಪ್ಸೂಲ್ ಅಂದರೆ ನುಂಗುವುದು ಎಂದು ಅವರು ತಿಳಿದದ್ದರಲ್ಲಿ ಏನು ತಪ್ಪಿದೆ?

ಆವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕೌಂಟರ್ ಕೆಳಗೆ ತೋರಿಸಲಿಕ್ಕೆಂದೇ ಒಂದು ಖಾಲಿ ಸಾಧನ ಇದೆ. ಮೊದಲು ನಾನು ಮಾಡಿ ತೋರಿಸುತ್ತೇನೆ. ಆಮೇಲೆ ಅವರದ್ದೇ ಸಾಧನ ಅವರ ಕೈಗೆ ಕೊಟ್ಟು, "ಈಗ ನೀವು ಮಾಡಿ" ಎನ್ನುತ್ತೇನೆ. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ಆದರೆ ಸಾಧನದೊಳಕ್ಕೆ ಊದಬಾರದು. ಆಮೇಲೆ ತುಟಿ ಬಿಗಿ ಹಿಡಿದು ಜೋರಾಗಿ, ಆಳವಾಗಿ ಎಳೆಯಬೇಕು. ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಔಷಧಿಯಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು. ಇನ್ನೊಂದು ಮಾತು ನಮ್ಮ ಊರುಗಳಿಗೇ ಸೇರಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೂ ಮೆತ್ತಗಾಗುವ ಥಂಡಿಯಲ್ಲಿ ಈ ಕ್ಯಾಪ್ಸೂಲ್ ಕೂಡ ಮೆತ್ತಗಾಗುತ್ತದೆ. ಒಳಗಿನ ಪುಡಿ ಗಂಟು ಕಟ್ಟಿದರೆ ಎದೆಗೆ ಇಳಿಯುವುದಿಲ್ಲ. ಬಚ್ಚಲ ಗೂಡಿನಲ್ಲಿ, ಒಲೆ ಪಕ್ಕದಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇರಲಿ, ಬೇಕಾದಾಗ ಒಂದೇ ಹೊರಗೆ ತೆಗೆಯಿರಿ.

ಹೀಗೆ ತಿರುಗಿ ಹೇಳಿಸುವುದು ಒಂದು ಮಾತ್ರೆಯ ವಿಷಯದಲ್ಲಂತೂ ಜೀವದ ಪ್ರಶ್ನೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ ತಗೊಳ್ಳುವಂಥದ್ದು. ಮಾತ್ರೆ ಅಂದರೆ ದಿನಾ ನುಂಗುವುದು ಎಂದು ರೂಢಿಯಾದವರು ಇದನ್ನೂ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು, ಸಾವೂ ಬರಬಹುದು. ನಾನು ಕವರ್ ಮೇಲೆ "ಭಾನುವಾರ ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ. ಯಾವ ದಿನ ಎನ್ನುವುದನ್ನು ಡಾಕ್ಟರ್ ಹೇಳಿದಂತೆ ಬದಲಿಸುತ್ತೇನೆ. ಆಮೇಲೆ ಕೇಳುತ್ತೇನೆ, "ಸೋಮವಾರ ಏನು ಮಾಡ್ತೀರಿ?" "ತಗೊಳ್ಳಲ್ಲ" ಎಂಬ ಉತ್ತರ ಬರುವವರೆಗೆ ಕವರ್ ಕೊಡುವುದಿಲ್ಲ.

ಥೈರಾಯ್ಡ್ ಮಾತ್ರೆಯ ಸಮಸ್ಯೆ ಬೇರೆ. ನಮ್ಮಲ್ಲಿ ಎದ್ದ ಕೂಡಲೇ ಕಾಫಿಯೋ ಕಷಾಯವೋ ಬೇಕು. ಮಾತ್ರೆಯನ್ನೂ ಅದರ ಜೊತೆಗೇ ಹಾಕಿಬಿಡುತ್ತಾರೆ. ಕಾಫಿ ಜೊತೆ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರೀ ನೀರಿನಲ್ಲಿ ತಗೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇಡಿ. ರಿಪೋರ್ಟ್ ಸರಿ ಬರುತ್ತಿಲ್ಲ ಎಂದು ಡೋಸ್ ಏರಿಸುವ ಮೊದಲು ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಸಲ ಕಾರಣ ಕಾಫಿ ಲೋಟದಲ್ಲೇ ಸಿಗುತ್ತದೆ.

ಇನ್ನು ಅಡಿಕೆ ಕೊಯ್ಲಿನ ಕಾಲ. ರಾತ್ರಿ ಹನ್ನೊಂದರವರೆಗೆ ಕೂತು ಸುಲಿದವರ ಸೊಂಟ, ಕುತ್ತಿಗೆ ಹಿಡಿಯದೆ ಇರುತ್ತದಾ? "ಒಂದು ನೋವಿನ ಮಾತ್ರೆ ಕೊಡಿ, ಪವರ್ ಜಾಸ್ತಿ ಇರೋದು" ಎಂದು ಬರುತ್ತಾರೆ. ನೋವು ನಿಜ, ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೆ ಬಿ.ಪಿ.ಗೆ ಟೆಲ್ಮಿಸಾರ್ಟನ್ ತರಹದ ಮಾತ್ರೆ, ಜೊತೆಗೆ ನೀರಿನ ಮಾತ್ರೆ ತಗೊಳ್ಳುತ್ತಿರುವವರು ಅದರ ಮೇಲೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಹಾಕಿದರೆ ಮೂರೂ ಸೇರಿ ಕಿಡ್ನಿಗೆ ಹೊಡೆತ ಕೊಡುತ್ತವೆ. ಅದಕ್ಕೇ ನಾನು ಮೊದಲು ಕೇಳುವುದು ಬಿ.ಪಿ., ಶುಗರ್, ಕಿಡ್ನಿ, ಹೊಟ್ಟೆಹುಣ್ಣಿನ ವಿಷಯ. ಇದ್ದರೆ ಆ ಮಾತ್ರೆ ಕೊಡದೆ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಕೆಲವರು ಬೇಸರ ಮಾಡಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ, ಪರವಾಗಿಲ್ಲ.

ಜ್ವರಕ್ಕೆ ಮಾತ್ರ ನಾನು ತುಂಬ ಹುಷಾರು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಮಾಡಿದ ಅನಾಹುತವನ್ನು ಇಲ್ಲಿ ಯಾರೂ ಮರೆತಿಲ್ಲ. ಡಿಸೆಂಬರ್‌ನಿಂದ ಮೇ ತನಕ ಯಾರಾದರೂ ಜ್ವರ, ತಲೆನೋವು, ಮೈಕೈ ನೋವು ಎಂದು ಬಂದರೆ ನನ್ನ ಪ್ರಶ್ನೆಗಳು ಬೇರೆ. ದರಗು, ಅಂದರೆ ಒಣಗಿದ ಎಲೆ, ತರಲಿಕ್ಕೆ ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಸುತ್ತಮುತ್ತ ಮಂಗ ಸತ್ತಿತ್ತಾ? ಹೌದು ಎಂದರೆ ನೋವಿನ ಮಾತ್ರೆ ಮಾರುವ ಮಾತೇ ಇಲ್ಲ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯ ಇರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಆ ಭಯವನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು, ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಸಂಜೆ ಫೋನ್ ಮಾಡಿ ಹೋದರಾ ಎಂದು ಕೇಳುತ್ತೇನೆ. ನಾಟಿ ಕಾಲದಲ್ಲಿ ಗದ್ದೆ ಕೆಸರಿನಲ್ಲಿ ದುಡಿದವರ ಜ್ವರವೂ ಹಾಗೇ. ಇಲಿ ಜ್ವರ ಇದ್ದೀತು. ಅದಕ್ಕೆ ಒಳ್ಳೆಯ ಔಷಧಿ ಇದೆ, ಆದರೆ ಬೇಗ ಶುರುವಾಗಬೇಕು.

"ಡಾಕ್ಟರ್ ಫೀಸ್ ಯಾಕೆ, ಎರಡು ದಿನದ ಆ್ಯಂಟಿಬಯೋಟಿಕ್ ಕೊಡಿ ಸಾಕು" ಎನ್ನುವವರಿಗೂ ಇಲ್ಲ ಎನ್ನಬೇಕಾಗುತ್ತದೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡುವಂಥದ್ದಲ್ಲ. 2014ರಿಂದ ಎಚ್1 ಎಂಬ ಸರ್ಕಾರಿ ಪಟ್ಟಿಯ ಔಷಧಿಗಳಿಗೆ (ಕೆಲವು ಆ್ಯಂಟಿಬಯೋಟಿಕ್ ಅದರಲ್ಲಿವೆ) ಬೇರೆ ರಿಜಿಸ್ಟರ್ ಇಟ್ಟು, ಬರೆದ ಡಾಕ್ಟರ್, ರೋಗಿ, ಔಷಧಿ, ಎಷ್ಟು ಕೊಟ್ಟೆವು ಎಲ್ಲವನ್ನೂ ಬರೆದು ಮೂರು ವರ್ಷ ಕಾಪಾಡಬೇಕು. ಇಲ್ಲ ಎಂದರೆ ಸಾಲದು, ಮುಂದೇನು ಎಂದೂ ಹೇಳಿ ಕಳಿಸಬೇಕು. ಸರ್ಕಾರಿ ಆಸ್ಪತ್ರೆಗೆ ಬಸ್ ಎಷ್ಟು ಹೊತ್ತಿಗೆ ಎನ್ನುವುದೂ ನನಗೆ ಬಾಯಿಪಾಠ.

ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ ಇನ್ಸುಲಿನ್ ಏನು ಮಾಡೋದು ಎಂದು ತುಂಬ ಜನ ಕೇಳುತ್ತಾರೆ. ಬಳಸುತ್ತಿರುವ ಬಾಟಲಿ ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಇನ್ನೂ ಬಳಸಲು ಶುರುಮಾಡದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಫ್ರಿಜ್ ನಿಂತರೆ ಬಾಟಲಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಇಡಿ. ಫ್ರೀಜರ್‌ನಲ್ಲಿ ಮಾತ್ರ ಬೇಡವೇ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು.

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ನನ್ನ ವೃತ್ತಿಯ ಗೆಳೆಯರೇ ಕೇಳುತ್ತಾರೆ. ಅವರ ಕಷ್ಟ ನನಗೂ ಗೊತ್ತು. ಮಾತಿಗೆ ಯಾರೂ ದುಡ್ಡು ಕೊಡುವುದಿಲ್ಲ, ಲಾಭ ಸ್ಟ್ರಿಪ್‌ನಲ್ಲಿ ಮಾತ್ರ. ಹೊಸ ಚೀಟಿ, ವಯಸ್ಸಾದವರು, ಗರ್ಭಿಣಿಯರು, ಸಣ್ಣ ಮಕ್ಕಳು, ಐದಕ್ಕಿಂತ ಜಾಸ್ತಿ ಮಾತ್ರೆ ಇರುವವರು, ಇಷ್ಟು ಜನಕ್ಕಾದರೂ ಮೂರು ನಿಮಿಷ ಇಡೋಣ ಎಂದು ಅವರನ್ನು ಕೇಳಿಕೊಳ್ಳುತ್ತೇನೆ. ಓದು ಬಾರದವರಿಗೆ ಕವರ್ ಮೇಲೆ ಸೂರ್ಯ, ಚಂದ್ರ, ತಟ್ಟೆ ಬರೆದುಕೊಡಲು ಒಂದು ಪೆನ್ನು ಸಾಕು.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು. ವರ್ಷಕ್ಕೆ ಎರಡು ಸಲವಾದರೂ ಮನೆಯ ಎಲ್ಲ ಔಷಧಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ನೀವು ನಂಬುವ ಮೆಡಿಕಲ್‌ಗೆ ಹೋಗಿ. ಹಳೇ ಚೀಟಿ, ಡಿಸ್ಚಾರ್ಜ್ ಹಾಳೆ, ಕಣ್ಣಿನ ಹನಿ, ಮುಲಾಮು, ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟ ಶಕ್ತಿ ಪುಡಿ, ಯಾವುದನ್ನೂ ಬಿಡಬೇಡಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ನನ್ನ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜನ ಕಡಿಮೆ, ಆಗ ಬಂದರೆ ಕೂತು ಮಾತಾಡಬಹುದು. ಸಂಜೆಯ ಕೊನೆ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ.